ಆರ್ಕ್ ಹೊತ್ತುವ ಮೊದಲು, ಆರಿದ ಮೇಲೆ: ಡೀಸೆಲ್ ವೆಲ್ಡಿಂಗ್ ಜನರೇಟರ್ ನಡೆಸಿದ ನನ್ನ ಅನುಭವ

ವಿದ್ಯುತ್ ಲೈನ್ ತಲುಪದ ಜಾಗಗಳಲ್ಲಿ ಪೈಪು ಜೋಡಿಸುವುದು, ಕಬ್ಬಿಣದ ಚೌಕಟ್ಟು ನಿಲ್ಲಿಸುವುದು, ಕೆಟ್ಟು ನಿಂತ ಭಾರಿ ಯಂತ್ರಗಳನ್ನು ನಿಂತಲ್ಲೇ ರಿಪೇರಿ ಮಾಡುವುದು ನನ್ನ ಕೆಲಸವಾದ್ದರಿಂದ, ಡೀಸೆಲ್ ಎಂಜಿನ್ನಿನಿಂದ ಓಡುವ ವೆಲ್ಡಿಂಗ್ ಜನರೇಟರನ್ನು ಬಹಳ ವರ್ಷಗಳಿಂದ ನಡೆಸುತ್ತಿದ್ದೇನೆ. ಮೆಕ್ಯಾನಿಕ್ಕುಗಳು ಇದನ್ನು ಬರೀ ಎಂಜಿನ್ ಎಂದು ನೋಡುತ್ತಾರೆ, ವೆಲ್ಡರುಗಳು ರಾಡ್ ಹೊತ್ತಿಸುವ ಡಬ್ಬಿ ಎಂದು ನೋಡುತ್ತಾರೆ. ಇಬ್ಬರ ಕಣ್ಣಿಗೂ ಬೀಳದೆ ನಡುವೆ ಉಳಿದ ಸಂಗತಿಗಳೇ ಮುಂದೆ ತೊಂದರೆ ಕೊಡುತ್ತವೆ. ನಾನು ಕಂಡಂತೆ ಅಪಘಾತಕ್ಕೂ ಯಂತ್ರ ಕೆಡುವುದಕ್ಕೂ ಕಾರಣ ಹೆಚ್ಚಾಗಿ ಆರ್ಕ್ (ರಾಡಿನ ತುದಿಗೂ ಕಬ್ಬಿಣಕ್ಕೂ ನಡುವೆ ಹೊತ್ತುವ ವಿದ್ಯುತ್ ಜ್ವಾಲೆ) ಉರಿಯುತ್ತಿರುವ ಹೊತ್ತಿನದ್ದಲ್ಲ, ಅದಕ್ಕೆ ಮೊದಲು ಅಥವಾ ಆಮೇಲೆ ಮಾಡದೆ ಬಿಟ್ಟ ಕೆಲಸದ್ದು.

ಮೊದಲ ತೀರ್ಮಾನ ಯಂತ್ರವನ್ನು ಎಲ್ಲಿ ನಿಲ್ಲಿಸಬೇಕೆಂಬುದು. ಎಂಜಿನ್ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಆದ್ದರಿಂದ ಹೊಗೆ ಕಾಣುತ್ತಿಲ್ಲ ಎಂಬುದು ಸಮಾಧಾನಪಡುವ ಕಾರಣವಲ್ಲ. ಮೂರು ಕಡೆ ಗೋಡೆಯಿರುವ ಶೆಡ್ಡನ್ನು ನಾನು ಬಯಲೆಂದು ಎಣಿಸುವುದಿಲ್ಲ, ಬಾಗಿಲು ತೆರೆದಿಟ್ಟು ಒಳಗೆ ಫ್ಯಾನ್ ಹಾಕಿದರೆ ಸಾಕೆಂಬ ಮಾತನ್ನೂ ಒಪ್ಪುವುದಿಲ್ಲ. ಗುಂಡಿಯಲ್ಲೋ ಟ್ಯಾಂಕಿನೊಳಗೋ ವೆಲ್ಡಿಂಗ್ ನಡೆಯುವಾಗ ಜನರೇಟರ್ ದೂರದಲ್ಲಿ, ಗಾಳಿ ಆ ಕಡೆಯಿಂದ ನಮ್ಮ ಕಡೆಗೆ ಬೀಸದ ದಿಕ್ಕಿನಲ್ಲಿ ಇರಬೇಕು. ಕೇಬಲ್ ಉದ್ದವಾದರೂ ಚಿಂತೆಯಿಲ್ಲ. ಗಾಳಿ ದಿಕ್ಕು ಬದಲಾಯಿಸುತ್ತದೆಯಾದ್ದರಿಂದ ಬೆಳಿಗ್ಗೆ ಸರಿಯಿದ್ದ ಜಾಗ ಮಧ್ಯಾಹ್ನಕ್ಕೆ ತಪ್ಪಾಗಬಹುದು. ಕೆಲಸದ ನಡುವೆ ಯಾರಿಗಾದರೂ ತಲೆನೋವು, ವಾಕರಿಕೆ ಅಥವಾ ತಲೆ ಸುತ್ತು ಬಂದರೆ ಬಿಸಿಲಿನ ಮೇಲೆ ಹೊರಿಸದೆ, ಎಂಜಿನ್ ನಿಲ್ಲಿಸಿ ಎಲ್ಲರನ್ನೂ ತೆರೆದ ಗಾಳಿಗೆ ಕಳಿಸುತ್ತೇನೆ, ಸುಧಾರಿಸದಿದ್ದರೆ ಆಸ್ಪತ್ರೆಗೆ.

ಕಿಡಿಗಳ ವಿಷಯವೂ ಜಾಗದ ವಿಷಯವೇ. ಅವು 10 ಮೀಟರಿನಷ್ಟು ದೂರಕ್ಕೂ ಹಾರಬಲ್ಲವಾದ್ದರಿಂದ ಡೀಸೆಲ್ ಕ್ಯಾನು, ಒಣಹುಲ್ಲು, ಎಣ್ಣೆ ಹತ್ತಿದ ಬಟ್ಟೆಗಳನ್ನು ಅದಕ್ಕೂ ಆಚೆ ಸರಿಸಿ, ಡ್ರೈ ಪೌಡರ್ ಅಗ್ನಿಶಾಮಕವನ್ನು ಯಂತ್ರದ ಮೇಲಲ್ಲ, ಅದರಿಂದ ಸ್ವಲ್ಪ ದೂರದಲ್ಲಿ ಇಡುತ್ತೇನೆ. ಬೆಂಕಿ ಹೊತ್ತಿದ ಯಂತ್ರದ ಮೇಲಿರುವ ಸಿಲಿಂಡರಿಗೆ ಕೈ ಚಾಚುವುದು ಯಾರಿಂದಲೂ ಆಗದು. ನೆಲ ಸಮವಾಗಿರಬೇಕು, ಇಲ್ಲದಿದ್ದರೆ ಆಯಿಲ್ ಮಟ್ಟದ ಲೆಕ್ಕವೇ ಸುಳ್ಳಾಗುತ್ತದೆ. ಓಡುತ್ತಿರುವಾಗ ಕ್ಯಾನಪಿಯ (ಯಂತ್ರದ ಹೊರಕವಚದ) ಬಾಗಿಲುಗಳನ್ನು ಮುಚ್ಚಿರಬೇಕೆಂಬುದು ಹೊಸಬರಿಗೆ ವಿಚಿತ್ರವಾಗಿ ತೋರುತ್ತದೆ, ಏಕೆಂದರೆ ತೆರೆದರೆ ತಣ್ಣಗಾಗುತ್ತದೆ ಎಂದು ಅವರ ಎಣಿಕೆ. ಆದರೆ ಫ್ಯಾನ್ ಎಳೆಯುವ ಗಾಳಿ ಜನರೇಟರಿನ ಸುರುಳಿ ಮತ್ತು ರೇಡಿಯೇಟರಿನ ಮೂಲಕವೇ ಹಾದುಹೋಗುವಂತೆ ಒಳದಾರಿಯನ್ನು ರೂಪಿಸಿರುತ್ತಾರೆ. ಬಾಗಿಲು ತೆರೆದ ಕೂಡಲೇ ಗಾಳಿ ಅಡ್ಡದಾರಿ ಹಿಡಿದು ಯಂತ್ರ ಇನ್ನಷ್ಟು ಕಾಯುತ್ತದೆ.

ಸ್ಟಾರ್ಟ್ ಮಾಡುವ ಮೊದಲಿನ ಪರೀಕ್ಷೆ ಎಲ್ಲರಿಗೂ ಗೊತ್ತಿರುವಂಥದ್ದೇ: ಆಯಿಲ್, ಕೂಲಂಟ್, ಬೆಲ್ಟು, ಸೋರಿಕೆ. ಬಿಸಿಯಿರುವ ರೇಡಿಯೇಟರಿನ ಮುಚ್ಚಳ ತೆಗೆಯಬಾರದೆಂಬುದನ್ನೂ, ಇಂಧನ ತುಂಬುವಾಗ ಎಂಜಿನ್ ನಿಂತು ತಣಿದಿರಬೇಕೆಂಬುದನ್ನೂ ಪುನಃ ಹೇಳಬೇಕಿಲ್ಲ. ಪೆಟ್ರೋಲ್ ಯಂತ್ರವಾದರೆ ಈ ಎರಡನೆಯ ನಿಯಮಕ್ಕೆ ವಿನಾಯಿತಿಯೇ ಇಲ್ಲ. ಟ್ಯಾಂಕನ್ನು ಕಂಠದವರೆಗೆ ತುಂಬದೆ, ಬಿಸಿಗೆ ಹಿಗ್ಗುವಷ್ಟು ಜಾಗ ಬಿಡುತ್ತೇನೆ.

ಹೆಚ್ಚು ಗೊಂದಲ ಇರುವುದು ಅರ್ಥಿಂಗ್ ವಿಷಯದಲ್ಲಿ. ಕೆಲಸದ ತುಂಡಿಗೆ ಕಚ್ಚಿಸುವ ಕ್ಲಾಂಪನ್ನು ಎಲ್ಲರೂ ಅರ್ಥ್ ಎಂದೇ ಕರೆಯುತ್ತೇವೆ, ಆದರೆ ಅದು ನೆಲಕ್ಕೆ ಹೋಗುವ ಅರ್ಥ್ ಅಲ್ಲ. ವೆಲ್ಡಿಂಗ್ ಕರೆಂಟು ಯಂತ್ರಕ್ಕೆ ಮರಳುವ ದಾರಿ. ಕರೆಂಟು ಹೇಗಾದರೂ ಮರಳಲೇಬೇಕು, ಒಳ್ಳೆಯ ದಾರಿ ಕೊಡದಿದ್ದರೆ ತಾನೇ ಬೇರೊಂದನ್ನು ಹುಡುಕಿಕೊಳ್ಳುತ್ತದೆ. ಅಗೆಯುವ ಯಂತ್ರದ ಬಕೆಟ್ಟಿಗೆ ವೆಲ್ಡಿಂಗ್ ಮಾಡುತ್ತ ಕ್ಲಾಂಪನ್ನು ಅದರ ಚಾಸಿಗೆ ಕಚ್ಚಿಸಿದರೆ, ಇನ್ನೂರು ಆಂಪಿಯರ್ ಕರೆಂಟು ನಡುವಿನ ಪಿನ್ನು, ಬುಷ್, ಬೇರಿಂಗುಗಳನ್ನು ದಾಟಿ ಹೋಗಬೇಕಾಗುತ್ತದೆ; ಬೇರಿಂಗಿನ ಗುಂಡುಗಳ ಮೇಲೆ ಸಣ್ಣ ಸಣ್ಣ ಸುಟ್ಟ ಚುಕ್ಕೆಗಳು ಬಿದ್ದು, ಕೆಲವು ದಿನಗಳ ನಂತರ ಅದು ಸದ್ದು ಮಾಡತೊಡಗಿದಾಗ ಯಾರೂ ವೆಲ್ಡಿಂಗನ್ನು ನೆನೆಯುವುದಿಲ್ಲ. ಆದ್ದರಿಂದ ಬಣ್ಣ, ತುಕ್ಕು ಕೆರೆದು, ಬೆಸೆಯುವ ಜಾಗದ ಪಕ್ಕದಲ್ಲೇ, ಅದೇ ತುಂಡಿಗೆ ಕ್ಲಾಂಪ್ ಹಾಕುತ್ತೇನೆ. ಎಲೆಕ್ಟ್ರಾನಿಕ್ ನಿಯಂತ್ರಣವಿರುವ ವಾಹನವಾದರೆ ಅದರ ಬ್ಯಾಟರಿ ಸಂಪರ್ಕವನ್ನೂ ತೆಗೆಯುತ್ತೇನೆ.

ರಾಡನ್ನು ಕಬ್ಬಿಣಕ್ಕೆ ತಗುಲಿಸದೆ ಇರುವಾಗ ಅದನ್ನು ಹಿಡಿಯುವ ಹೋಲ್ಡರಿನಲ್ಲಿ ಸಾಮಾನ್ಯವಾಗಿ 60ರಿಂದ 80 ವೋಲ್ಟ್ ಇರುತ್ತದೆ. ಒಣ ಗ್ಲೌಸು, ಒಣ ಬೂಟು ಇದ್ದಾಗ ಅದು ಗಮನಕ್ಕೇ ಬರದು. ಬೆವರಿನಲ್ಲಿ ತೊಯ್ದ ಮೈ ಕಬ್ಬಿಣದ ಮೇಲೆ ಒರಗಿರುವಾಗ ಅಷ್ಟೇ ವೋಲ್ಟೇಜ್ ಪ್ರಾಣಕ್ಕೆ ಎರವಾಗಬಲ್ಲದು. ಇಬ್ಬರು ವೆಲ್ಡರುಗಳು ಎರಡು ಡಿಸಿ ಯಂತ್ರಗಳನ್ನು ವಿರುದ್ಧ ಧ್ರುವದಲ್ಲಿ (ಒಂದರ ಹೋಲ್ಡರಿಗೆ ಪ್ಲಸ್, ಇನ್ನೊಂದರದ್ದಕ್ಕೆ ಮೈನಸ್) ಇಟ್ಟುಕೊಂಡು ಒಂದೇ ಚೌಕಟ್ಟಿನ ಮೇಲೆ ಕೆಲಸ ಮಾಡುತ್ತಿದ್ದರೆ, ಇಬ್ಬರ ಹೋಲ್ಡರುಗಳ ನಡುವೆ ಎರಡೂ ವೋಲ್ಟೇಜುಗಳ ಮೊತ್ತವಿರುತ್ತದೆ ಎಂಬುದು ಅನೇಕ ಹಿರಿಯ ವೆಲ್ಡರುಗಳಿಗೂ ಹೊಸ ಸುದ್ದಿ. ಅಂಥ ಕಡೆ ಧ್ರುವ ಒಂದೇ ಇರಲಿ, ಕೈಗೆ ಕೈ ತಾಗುವಷ್ಟು ಹತ್ತಿರ ನಿಲ್ಲುವುದು ಬೇಡ.

ಗ್ರೈಂಡರ್ ಮುಂತಾದವಕ್ಕೆ ಬಳಸುವ 230 ವೋಲ್ಟ್ ಸಾಕೆಟ್ಟಿಗೆ 30 ಮಿಲಿಆಂಪಿಯರಿನ ಆರ್‌ಸಿಡಿ (ಕರೆಂಟು ಸೋರಿದರೆ ತಾನಾಗಿ ಬಿದ್ದು ಲೈನ್ ಕಡಿಯುವ ಸ್ವಿಚ್) ಬೇಕೇ ಬೇಕು. ಆದರೆ ನ್ಯೂಟ್ರಲ್ಲನ್ನು ಫ್ರೇಮಿಗೆ ಜೋಡಿಸಿರದ ಯಂತ್ರದಲ್ಲಿ ಆರ್‌ಸಿಡಿ ಮೊದಲ ದೋಷಕ್ಕೆ ಬೀಳುವುದೇ ಇಲ್ಲ. ನಿಮ್ಮ ಯಂತ್ರದ ಒಳಸಂಪರ್ಕ ಹೇಗಿದೆ ಎಂಬುದನ್ನು ಕೈಪಿಡಿಯ ನಕ್ಷೆಯಲ್ಲಿ ನೋಡಿ, ಎಲೆಕ್ಟ್ರಿಷಿಯನ್‌ನಿಂದ ಖಚಿತಪಡಿಸಿಕೊಂಡೇ ಅದನ್ನು ನಂಬಬೇಕು. ಕಟ್ಟಡದ ವೈರಿಂಗಿಗೆ ಚೇಂಜ್‌ಓವರ್ ಸ್ವಿಚ್ (ಹೊರಗಿನ ಲೈನನ್ನು ಕಡಿದು ಜನರೇಟರಿಗೆ ಬದಲಿಸುವ ಸ್ವಿಚ್) ಇಲ್ಲದೆ ಜನರೇಟರನ್ನು ಜೋಡಿಸುವುದಂತೂ ಲೈನಿನ ಮೇಲೆ ಕೆಲಸ ಮಾಡುತ್ತಿರುವ ಯಾರನ್ನೋ ಕೊಲ್ಲುವ ಕೆಲಸ.

ಕೇಬಲ್ ವಿಷಯದಲ್ಲಿ ನನ್ನ ಕೈಯೇ ಮೀಟರು. ಸ್ವಲ್ಪ ಹೊತ್ತು ಬೆಸೆದ ಮೇಲೆ ಎಂಜಿನ್ ನಿಲ್ಲಿಸಿ, ಎರಡೂ ಕೇಬಲ್ಲುಗಳ ಉದ್ದಕ್ಕೂ ಕೈಯಾಡಿಸಿಕೊಂಡು ಬರುತ್ತೇನೆ. ಎಲ್ಲ ಕಡೆ ಬೆಚ್ಚಗಿದ್ದು ಒಂದೇ ಕಡೆ ಸುಡುತ್ತಿದ್ದರೆ ದೋಷ ಅಲ್ಲೇ ಇದೆ, ಹೆಚ್ಚಿನಂಶ ಲಗ್ಗಿನ (ಕೇಬಲ್ ತುದಿಗೆ ಒತ್ತಿದ ಲೋಹದ ತುಣುಕಿನ) ಬುಡದಲ್ಲಿ. ಬಿಚ್ಚಿ ನೋಡಿದರೆ ತಾಮ್ರದ ಎಳೆಗಳು ಹೊಳಪು ಕಳೆದುಕೊಂಡು ಕಪ್ಪಾಗಿ, ಮುಟ್ಟಿದರೆ ಪುಡಿಯಾಗುವಂತಿರುತ್ತವೆ, ಅರ್ಧದಷ್ಟು ಎಳೆಗಳು ಆಗಲೇ ತುಂಡಾಗಿರುತ್ತವೆ. ಅಂಥ ತುದಿಯನ್ನು ಹೊಳೆಯುವ ತಾಮ್ರ ಕಾಣುವವರೆಗೆ ಕತ್ತರಿಸಿ ಹೊಸ ಲಗ್ ಒತ್ತಿಸಬೇಕೇ ಹೊರತು, ನಟ್ಟು ಬಿಗಿ ಮಾಡಿ ಟೇಪು ಸುತ್ತಿದರೆ ಪ್ರಯೋಜನವಿಲ್ಲ. ಉಳಿದ ಕೇಬಲ್ಲನ್ನು ಬಿಗಿಯಾಗಿ ಸುರುಳಿ ಸುತ್ತಿ ಬಿಡುವ ಅಭ್ಯಾಸವೂ ಒಳ್ಳೆಯದಲ್ಲ, ಶಾಖ ಹೊರಹೋಗಲು ದಾರಿಯಿರುವುದಿಲ್ಲ.

ಓಡಿಸುವಾಗ ನಾನು ಪಾಲಿಸುವ ಕ್ರಮ ಸರಳವಾದದ್ದು: ಎಂಜಿನ್ ಕೆಲವು ನಿಮಿಷ ಬಿಸಿಯಾದ ಮೇಲೆಯೇ ಲೋಡ್, ಕೆಲಸ ಮುಗಿದ ಮೇಲೆ ಮೂರರಿಂದ ಐದು ನಿಮಿಷ ಲೋಡ್ ಇಲ್ಲದೆ ಓಡಿಸಿಯೇ ನಿಲ್ಲಿಸುವುದು. ಫಲಕದಲ್ಲಿ 200 ಆಂಪಿಯರ್, 60 ಶೇಕಡಾ ಡ್ಯೂಟಿ ಸೈಕಲ್ ಎಂದಿದ್ದರೆ ಅಷ್ಟು ಕರೆಂಟಿನಲ್ಲಿ ಪ್ರತಿ 10 ನಿಮಿಷಕ್ಕೆ 6 ನಿಮಿಷ ಮಾತ್ರ ಬೆಸೆಯಬಹುದು. ಉಳಿದ 4 ನಿಮಿಷ ಸುರುಳಿಗಳು ಆರಲೆಂದೇ ಎಂಜಿನ್ ಓಡುತ್ತಿರಬೇಕು. ಕರೆಂಟಿನ ಮಟ್ಟ ಆರಿಸುವ ರೇಂಜ್ ಸ್ವಿಚ್ಚನ್ನು ಆರ್ಕ್ ಇರುವಾಗ ತಿರುಗಿಸಿದರೆ ಒಳಗಿನ ಕಾಂಟ್ಯಾಕ್ಟುಗಳು ಸುಡುತ್ತವೆ. 50 ಹರ್ಟ್ಸ್ ಬೇಕಾದರೆ ನಾಲ್ಕು ಧ್ರುವದ ಜನರೇಟರ್ ನಿಮಿಷಕ್ಕೆ 1500 ಸುತ್ತು, ಎರಡು ಧ್ರುವದ್ದು 3000 ಸುತ್ತು ತಿರುಗಬೇಕಾದ್ದರಿಂದ, ಐಡಲ್ ವೇಗದಲ್ಲಿ ಗ್ರೈಂಡರ್ ಓಡಿಸಿದರೆ ವೋಲ್ಟೇಜೂ ಫ್ರೀಕ್ವೆನ್ಸಿಯೂ ಕುಸಿದು ಮೋಟಾರ್ ಕಾಯುತ್ತದೆ. ತಾನಾಗಿ ವೇಗ ಏರಿಸಿಕೊಳ್ಳುವ ಯಂತ್ರಗಳೂ ಸಣ್ಣ ಎಲ್‌ಇಡಿ ದೀಪದಂಥ ಲೋಡನ್ನು ಗುರುತಿಸದೆ ಇರಬಹುದು. ಆಗ ಸ್ವಿಚ್ಚನ್ನು ಪೂರ್ಣ ವೇಗಕ್ಕೆ ಹಾಕಿಬಿಡುವುದು ಮೇಲು.

ಡೀಸೆಲ್ ಎಂಜಿನ್ನಿಗೆ ಕಡಿಮೆ ಕೆಲಸ ಕೊಟ್ಟರೆ ಬಾಳಿಕೆ ಹೆಚ್ಚು ಎಂದು ಭಾವಿಸಿ ದಿನವಿಡೀ ದೀಪವೊಂದಕ್ಕಾಗಿ ಓಡಿಸುವವರಿದ್ದಾರೆ. ಫಲಿತಾಂಶ ಉಲ್ಟಾ. ಲೋಡ್ ಇಲ್ಲದ ಎಂಜಿನ್ ಸಾಕಷ್ಟು ಬಿಸಿಯಾಗದೆ, ಪೂರ್ತಿ ಉರಿಯದ ಡೀಸೆಲ್ ಮಸಿಯೊಡನೆ ಸೇರಿ ಸೈಲೆನ್ಸರಿನ ಜೋಡಣೆಗಳಿಂದ ಕಪ್ಪು ಜಿಡ್ಡಾಗಿ ಇಳಿಯತೊಡಗುತ್ತದೆ. ಆಯಿಲ್ ಸೋರುತ್ತಿದೆಯೆಂದು ಗ್ಯಾಸ್ಕೆಟ್ ಬದಲಾಯಿಸುವ ಮೊದಲು, ಅರ್ಧಕ್ಕಿಂತ ಹೆಚ್ಚು ಲೋಡಿನಲ್ಲಿ ಯಂತ್ರವನ್ನು ಒಂದಷ್ಟು ಹೊತ್ತು ದುಡಿಸಿ ನೋಡಬೇಕು. ಆರಂಭದ ಹಂತದಲ್ಲಿದ್ದರೆ ಅಷ್ಟರಿಂದಲೇ ಹೋಗುತ್ತದೆ.

ನಿರ್ವಹಣೆಯನ್ನು ನಾನು ತಾರೀಖಿನ ಮೇಲಲ್ಲ, ಅವರ್ ಮೀಟರಿನ ಮೇಲೆ ನಡೆಸುತ್ತೇನೆ. ಹೊಸ ಎಂಜಿನ್ನಿನ ಮೊದಲ ಆಯಿಲ್ ಬದಲಾವಣೆ ಸಾಮಾನ್ಯವಾಗಿ 50 ಗಂಟೆಗೆ, ಆಮೇಲೆ 200ರಿಂದ 250 ಗಂಟೆಗೊಮ್ಮೆ. ಕೊನೆಯ ಮಾತು ಕೈಪಿಡಿಯದ್ದು. ಗ್ರೈಂಡಿಂಗ್ ಧೂಳಿನ ನಡುವೆ ಓಡುವ ಯಂತ್ರಕ್ಕೆ ಏರ್ ಫಿಲ್ಟರೇ ಆಯುಸ್ಸು. ಗಾಳಿ ಹೊಡೆಯುವುದಾದರೆ ಕಡಿಮೆ ಒತ್ತಡದಲ್ಲಿ, ಒಳಗಿನಿಂದ ಹೊರಕ್ಕೆ. ಆಮೇಲೆ ನೆರಳಿನಲ್ಲಿ ನಿಂತು ಅದರೊಳಗೆ ಟಾರ್ಚ್ ಇಳಿಸಿ ಸುತ್ತ ತಿರುಗಿಸುತ್ತೇನೆ. ಕಾಗದದ ಮಡಿಕೆಯಲ್ಲಿ ಸೂಜಿಮೊನೆಯಷ್ಟು ಬೆಳಕಿನ ಚುಕ್ಕೆ ಕಂಡರೂ ಆ ಫಿಲ್ಟರ್ ಕಸಕ್ಕೆ. ಫಿಲ್ಟರಿನಿಂದ ಎಂಜಿನ್ನಿಗೆ ಹೋಗುವ ಕೊಳವೆಯ ಒಳಗೋಡೆಗೆ ಬೆರಳು ಒರಸಿದಾಗ ಧೂಳು ಹತ್ತಿದರೆ ಫಿಲ್ಟರ್ ಸರಿಯಿದ್ದರೂ ಸೀಲ್ ಸರಿಯಿಲ್ಲ.

ಟ್ಯಾಂಕ್ ಖಾಲಿಯಾಗಿ ಡೀಸೆಲ್ ಪೈಪಿನಲ್ಲಿ ಏರ್ ಹಿಡಿದರೆ, ಡೀಸೆಲ್ ಫಿಲ್ಟರಿನ ಮೇಲಿನ ಬ್ಲೀಡ್ ಸ್ಕ್ರೂ ಸಡಿಲಿಸಿ, ಗುಳ್ಳೆಯಿಲ್ಲದ ಡೀಸೆಲ್ ಬರುವವರೆಗೆ ಕೈಪಂಪು ಒತ್ತಿ ಬಿಗಿಯಬೇಕು. ಇಂಜೆಕ್ಟರ್ ಪೈಪಿನ ಸೋರಿಕೆಯನ್ನು ಮಾತ್ರ ಬೆರಳಿನಿಂದ ಹುಡುಕಬಾರದು. ಆ ಒತ್ತಡದ ಡೀಸೆಲ್ ಚರ್ಮವನ್ನು ಸೀಳಿ ಒಳಗೆ ಹೋಗುತ್ತದೆ, ಗಾಯ ಚಿಕ್ಕದಾಗಿ ಕಂಡರೂ ಕೂಡಲೇ ಆಸ್ಪತ್ರೆಗೆ ಹೋಗಬೇಕಾದ ಗಾಯ ಅದು. ಬೆಲ್ಟು, ಬ್ರಷ್ಷುಗಳ ಬಳಿ ಕೈ ಹಾಕುವ ಮೊದಲು ಬ್ಯಾಟರಿಯ ನೆಗೆಟಿವ್ ತಂತಿ ತೆಗೆದಿಡುತ್ತೇನೆ. ಸ್ಲಿಪ್ ರಿಂಗಿನ (ಬ್ರಷ್ಷಿನಿಂದ ತಿರುಗುವ ಭಾಗಕ್ಕೆ ಕರೆಂಟ್ ತಲುಪಿಸುವ ಲೋಹದ ಬಳೆಯ) ಮೇಲಿರುವ ತೆಳು ಕಂದು ಪದರವನ್ನು ಕೊಳೆಯೆಂದು ತಿಳಿದು ಉಜ್ಜಿ ಹೊಳಪಿಸುವವರನ್ನು ತಡೆಯಬೇಕು. ಬ್ರಷ್ ನಯವಾಗಿ ಜಾರುವುದು ಅದರ ಮೇಲೆಯೇ.

ಬಹಳ ಕಾಲ ನಿಂತ ಯಂತ್ರ ಕೆಲವೊಮ್ಮೆ ಸೊಗಸಾಗಿ ಸ್ಟಾರ್ಟ್ ಆದರೂ ಕರೆಂಟ್ ಕೊಡುವುದಿಲ್ಲ. ಬ್ರಷ್ಷುಗಳೂ ಸಂಪರ್ಕಗಳೂ ಸರಿಯಿದ್ದರೆ, ತಿರುಗುವ ಭಾಗವಾದ ರೋಟರಿನಲ್ಲಿ ಉಳಿದಿರಬೇಕಾದ ಕಾಂತತ್ವ ಕ್ಷೀಣಿಸಿರುವ ಸಾಧ್ಯತೆಯುಂಟು; ಬ್ಯಾಟರಿಯಿಂದ ಕ್ಷಣಕಾಲ ಫೀಲ್ಡಿಗೆ (ಕಾಂತತ್ವ ಹುಟ್ಟಿಸುವ ಸುರುಳಿಗೆ) ಕರೆಂಟ್ ಕೊಟ್ಟು ಅದನ್ನು ಮರಳಿ ಪಡೆಯಬಹುದು. ಧ್ರುವ ತಪ್ಪಿದರೆ ವೋಲ್ಟೇಜ್ ರೆಗ್ಯುಲೇಟರ್ ಸುಟ್ಟುಹೋಗುವ ಕೆಲಸವಾದ್ದರಿಂದ ಅದನ್ನು ನಾನು ಎಲೆಕ್ಟ್ರಿಷಿಯನ್ ಕೈಗೆ ಬಿಡುತ್ತೇನೆ, ಮತ್ತು ಕೆಲಸವಿಲ್ಲದ ಕಾಲದಲ್ಲೂ ತಿಂಗಳಿಗೊಮ್ಮೆ ಯಂತ್ರವನ್ನು ಬಯಲಿಗೆ ತಂದು, ಹಳೆಯ ಪ್ಲೇಟೊಂದರ ಮೇಲೆ ನಾಲ್ಕಾರು ರಾಡ್ ಉರಿಸುತ್ತೇನೆ.