ಶುಶ್ರೂಷಾ ಕ್ರಮಗಳ ಬಗೆಗಳು: ವಾರ್ಡಿನಲ್ಲಿ ಅವನ್ನು ನಡೆಸುವ ಬಗೆ

ಮಂಗಳೂರು, ದೇರಳಕಟ್ಟೆ, ಮಣಿಪಾಲ, ಉಡುಪಿಗಳ ನರ್ಸಿಂಗ್ ಕಾಲೇಜುಗಳಲ್ಲಿ ಓದಿ ಹೊಸದಾಗಿ ಡ್ಯೂಟಿಗೆ ಸೇರಿದವರಿಗೆ ಶುಶ್ರೂಷಾ ಕ್ರಮಗಳು, ಅಂದರೆ ರೋಗಿಯ ಆರೈಕೆಗಾಗಿ ನರ್ಸ್ ಮಾಡುವ ಕೆಲಸಗಳು, ಸ್ವತಂತ್ರ, ಅವಲಂಬಿತ, ಸಹಯೋಗಿ ಎಂದು ಮೂರು ಬಗೆ ಎಂಬುದು ಗೊತ್ತೇ ಇರುತ್ತದೆ. ಅಯೋವಾ ವಿಶ್ವವಿದ್ಯಾಲಯದವರು 1992ರಲ್ಲಿ ಹೊರತಂದ ವಿಸ್ತಾರವಾದ ವರ್ಗೀಕರಣವೂ ಇದೆ. ದಾಖಲೆಗೆ ಅದು ಒಳ್ಳೆಯದು. ಆದರೆ ರೋಗಿಯ ಮಂಚದ ಬಳಿ ನಿಂತಾಗ ಮೊದಲು ಕೇಳಿಕೊಳ್ಳಬೇಕಾದದ್ದು, ಈ ಕೆಲಸದ ನಿರ್ಧಾರ ನನ್ನದೇ, ವೈದ್ಯರದೇ, ಅಥವಾ ಇನ್ನೂ ಒಬ್ಬರು ಸೇರಿ ಮಾಡಬೇಕಾದದ್ದೇ ಎಂಬುದನ್ನು.

ಸ್ವತಂತ್ರ ಕ್ರಮಗಳಿಗೆ ವೈದ್ಯರ ಲಿಖಿತ ಆದೇಶ ಬೇಕಿಲ್ಲ. ಅದೇ ಕಾರಣಕ್ಕೆ, ಕೆಲಸದ ಒತ್ತಡ ಹೆಚ್ಚಾದಾಗ ಮೊದಲು ಬಿಟ್ಟುಹೋಗುವುದೂ ಇವೇ. ನನ್ನ ದೃಷ್ಟಿಯಲ್ಲಿ ಶುಶ್ರೂಷೆಯ ಗುಣಮಟ್ಟ ತಿಳಿಯುವುದು ಇಲ್ಲಿಯೇ. ಪಾರ್ಶ್ವವಾಯುವಿನಿಂದ ಒಂದು ಮಗ್ಗುಲು ಬಿದ್ದುಹೋದ ವೃದ್ಧರೊಬ್ಬರು ವಾರ್ಡಿನಲ್ಲಿದ್ದಾರೆ ಎಂದುಕೊಳ್ಳಿ. ಸಾಮಾನ್ಯವಾಗಿ 2 ಗಂಟೆಗೊಮ್ಮೆ ಅವರ ಮಗ್ಗುಲು ಬದಲಿಸಬೇಕು. ಪೂರ್ತಿ ಪಕ್ಕಕ್ಕೆ ಹೊರಳಿಸದೆ, ಬೆನ್ನಿನ ಹಿಂದೆ ದಿಂಬು ಕೊಟ್ಟು ಸುಮಾರು 30 ಡಿಗ್ರಿ ಓರೆಯಾಗಿ ಮಲಗಿಸಿದರೆ ಸೊಂಟದ ಮೂಳೆಯ ಮೇಲೆ ಭಾರ ಬೀಳುವುದಿಲ್ಲ. ಮೀನಖಂಡದ ಕೆಳಗೆ ದಿಂಬಿಟ್ಟು ಹಿಮ್ಮಡಿ ಹಾಸಿಗೆಗೆ ತಾಗದಂತೆ ನೋಡಿಕೊಳ್ಳಬೇಕು. ಪ್ರತಿ ಸಲ ಹೊರಳಿಸುವಾಗ ಬೆನ್ನಿನ ಕೆಳಭಾಗ, ಸೊಂಟ, ಹಿಮ್ಮಡಿಗಳ ಚರ್ಮವನ್ನು ಬೆಳಕಿನಲ್ಲಿ ನೋಡಿ. ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿ ಬಿಟ್ಟಾಗ ಅದು ಬಿಳಿಚಿಕೊಳ್ಳದಿದ್ದರೆ ಒತ್ತುಹುಣ್ಣು ಶುರುವಾಗಿದೆ ಎಂದೇ ತಿಳಿಯಬೇಕು. ಕಪ್ಪು ಚರ್ಮದವರಲ್ಲಿ ಕೆಂಪು ಕಾಣದೇ ಹೋಗಬಹುದಾದ್ದರಿಂದ ಆ ಜಾಗ ಬಿಸಿಯಾಗಿದೆಯೇ, ಗಟ್ಟಿಯಾಗಿದೆಯೇ ಎಂದು ಮುಟ್ಟಿ ನೋಡಬೇಕು. ಮನೆಯವರು ಪ್ರೀತಿಯಿಂದಲೇ ತೆಂಗಿನೆಣ್ಣೆ ಹಚ್ಚಿ ಅಲ್ಲಿ ಉಜ್ಜಲು ಬರುತ್ತಾರೆ. ಕೆಂಪಾದ ಜಾಗವನ್ನು ಉಜ್ಜಿದರೆ ಒಳಗಿನ ಅಂಗಾಂಶಕ್ಕೆ ಹೆಚ್ಚಿನ ಪೆಟ್ಟಾಗುತ್ತದೆ ಎಂಬುದನ್ನು ಅವರಿಗೆ ಗದರದೆ ತಿಳಿಸಿ. ತುಳು, ಕೊಂಕಣಿ, ಬ್ಯಾರಿ, ಕುಂದಾಪುರದ ಕನ್ನಡ, ಯಾವುದು ಅವರ ಮನೆಮಾತೋ ಅದರಲ್ಲಿ ಹೇಳಬಲ್ಲವರನ್ನು ಜೊತೆಗಿಟ್ಟುಕೊಂಡು ವಿವರಿಸುವುದು ಸೌಜನ್ಯ ಮಾತ್ರವಲ್ಲ, ಅದೂ ಶುಶ್ರೂಷೆಯ ಭಾಗವೇ.

ಅವಲಂಬಿತ ಕ್ರಮಗಳೆಂದರೆ ವೈದ್ಯರ ಆದೇಶದ ಮೇಲೆ ಕೊಡುವ ಔಷಧ, ಇಂಜೆಕ್ಷನ್, ಡ್ರಿಪ್ ಮುಂತಾದವು. ಆದೇಶ ಅವರದಾದರೂ ಕೊಡುವ ಕೈ ನಿಮ್ಮದು, ಹೊಣೆಯೂ ನಿಮ್ಮದು. ರೋಗಿಯ ಹೆಸರು, ಔಷಧ, ಪ್ರಮಾಣ, ಮಾರ್ಗ, ಸಮಯ ಇವಿಷ್ಟನ್ನೂ ತಾಳೆ ನೋಡಿ, ಅಲರ್ಜಿ ಇದೆಯೇ ಎಂದು ಕೇಳಿಯೇ ಮುಂದುವರಿಯಬೇಕು. 500 ಮಿ.ಲೀ. ದ್ರವವನ್ನು 8 ಗಂಟೆಯಲ್ಲಿ ಕೊಡಲು ಹೇಳಿದ್ದು, ನಿಮ್ಮ ಡ್ರಿಪ್ ಸೆಟ್ಟಿನಲ್ಲಿ 20 ಹನಿಗೆ 1 ಮಿ.ಲೀ. ಆಗುವುದಾದರೆ, ನಿಮಿಷಕ್ಕೆ ಸುಮಾರು 21 ಹನಿ ಬೀಳಬೇಕು. ಆದೇಶದ ಬರಹ ಸ್ಪಷ್ಟವಾಗದಿದ್ದರೆ ಅಥವಾ ಪ್ರಮಾಣ ಹೆಚ್ಚೆನಿಸಿದರೆ ಊಹಿಸಿ ಕೊಡಬಾರದು, ಬರೆದವರನ್ನೇ ಕೇಳಬೇಕು.

ಸಹಯೋಗಿ ಕ್ರಮಗಳಲ್ಲಿ ಫಿಸಿಯೋಥೆರಪಿಸ್ಟ್, ಆಹಾರತಜ್ಞರು, ವೈದ್ಯರು ಎಲ್ಲರೂ ಸೇರುತ್ತಾರೆ. ಹೃದಯ ವೈಫಲ್ಯದ ರೋಗಿಗೆ ಉಪ್ಪು ಕಡಿಮೆ ಮಾಡಿ ಎಂದಷ್ಟೇ ಹೇಳಿದರೆ ನಮ್ಮ ಕರಾವಳಿಯ ಮನೆಗಳಲ್ಲಿ ಸಾಂಬಾರಿನ ಉಪ್ಪು ಮಾತ್ರ ಕಡಿಮೆಯಾಗುತ್ತದೆ, ಕುಚ್ಚಲಕ್ಕಿ ಗಂಜಿಯ ಜೊತೆಗಿನ ಉಪ್ಪಿನಕಾಯಿ, ಒಣಮೀನು, ಹಪ್ಪಳ ಹಾಗೆಯೇ ಉಳಿಯುತ್ತವೆ. ಊಟದ ತಟ್ಟೆಯನ್ನು ಕಣ್ಣಾರೆ ನೋಡಿದ ನೀವು ಅದನ್ನು ಆಹಾರತಜ್ಞರಿಗೆ ತಿಳಿಸಿದರೆ ಅವರ ಸಲಹೆ ಆ ರೋಗಿಗೆ ಒಪ್ಪುವಂತಾಗುತ್ತದೆ.

ಮಳೆಗಾಲದಲ್ಲಿ ಡೆಂಗ್ಯೂ ರೋಗಿಯೊಬ್ಬರನ್ನು ನೋಡಿಕೊಳ್ಳುವಾಗ ಮೂರೂ ಬಗೆಗಳು ಒಂದೇ ಗಂಟೆಯಲ್ಲಿ ಬೇಕಾಗುತ್ತವೆ. ಜ್ವರ ಇಳಿಯಿತೆಂದು ಮನೆಯವರು ನಿಟ್ಟುಸಿರು ಬಿಡುವ ಹೊತ್ತೇ ಅಪಾಯದ ಹೊತ್ತು. ಬಿ.ಪಿ.ಯ ಮೇಲಿನ ಮತ್ತು ಕೆಳಗಿನ ಅಂಕಿಗಳ ಅಂತರ 20 ಅಥವಾ ಅದಕ್ಕಿಂತ ಕಡಿಮೆಯಾಗಿದೆಯೇ, ಕೈಕಾಲು ತಣ್ಣಗಾಗಿವೆಯೇ, ಹೊಟ್ಟೆನೋವು, ನಿಲ್ಲದ ವಾಂತಿ, ಒಸಡಿನಲ್ಲಿ ರಕ್ತ ಇವೆಯೇ, ಮೂತ್ರ ಕಡಿಮೆಯಾಗಿದೆಯೇ ಎಂದು ಗಮನಿಸುವುದು ನಿಮ್ಮ ಸ್ವತಂತ್ರ ಕೆಲಸ; ಇವುಗಳಲ್ಲಿ ಒಂದು ಕಂಡರೂ ತಡಮಾಡದೆ ವೈದ್ಯರನ್ನು ಕರೆದು, ಹೇಳಿದ ಪ್ರಮಾಣದಲ್ಲಿ ದ್ರವ ಕೊಡುವುದು ಅವಲಂಬಿತ ಕೆಲಸ; ಪ್ರಯೋಗಾಲಯದವರೊಂದಿಗೆ ಹೆಮಟೋಕ್ರಿಟ್ (ರಕ್ತದಲ್ಲಿ ಕೆಂಪುಕಣಗಳ ಪಾಲು), ಪ್ಲೇಟ್‌ಲೆಟ್ ವರದಿಗಳ ಬೆನ್ನುಹತ್ತುವುದು ಸಹಯೋಗದ ಕೆಲಸ. ಸ್ನಾಯುವಿಗೆ ಕೊಡುವ ಇಂಜೆಕ್ಷನ್, ಆಸ್ಪಿರಿನ್, ಐಬುಪ್ರೊಫೆನ್ ಈ ರೋಗಿಗೆ ಬೇಡ. ಅಂಥ ಆದೇಶ ಕಂಡರೆ ಕೊಡುವ ಮೊದಲೇ ಪ್ರಶ್ನಿಸಿ.

ಯಾವ ಬಗೆಯ ಕ್ರಮವಾದರೂ ಅದರ ಪರಿಣಾಮ ನೋಡಿ ಬರೆಯುವವರೆಗೆ ಮುಗಿಯುವುದಿಲ್ಲ. ನೋವಿನ ಮಾತ್ರೆ ಕೊಟ್ಟ ಸುಮಾರು ಒಂದು ಗಂಟೆಯ ಬಳಿಕ 0ಯಿಂದ 10ರ ಅಳತೆಯಲ್ಲಿ ನೋವೆಷ್ಟಿದೆ ಎಂದು ಮತ್ತೆ ಕೇಳಿ, ಮೊದಲಿನ ಅಂಕಿಯ ಪಕ್ಕದಲ್ಲೇ ಸಮಯದೊಂದಿಗೆ ನಮೂದಿಸಿ, ಮುಂದಿನ ಪಾಳಿಯವರಿಗೆ ಬಾಯಿಮಾತಿನಲ್ಲೂ ಹೇಳಿ.