ಸ್ಕಾಟ್ಲೆಂಡಿನ ಸ್ವಾತಂತ್ರ್ಯದ ಪ್ರಶ್ನೆಯನ್ನು ಧಾರವಾಡದ ಚರ್ಚಾಕೂಟದಲ್ಲಿ ಚರ್ಚಿಸುವ ಬಗೆ

ಧಾರವಾಡದ ಕಾಲೇಜುಗಳಲ್ಲಿ ಇಂಥ ವಿಷಯ ಬಂದರೆ ಮಾತುಗಾರರು ಎರಡು ನಿಮಿಷಗಳೊಳಗೆ ಸ್ವಾಭಿಮಾನದ ಭಾಷಣಕ್ಕೆ ಇಳಿದುಬಿಡುತ್ತಾರೆ. ಆದ್ದರಿಂದ ಕರಿಹಲಗೆಯ ಮೇಲೆ ವಿಷಯ ಬರೆಯುವಾಗಲೇ ‘ಸ್ಕಾಟ್ಲೆಂಡ್ ಸ್ವತಂತ್ರವಾಗಬೇಕೆ?’ ಎಂಬುದನ್ನೂ ‘ಅದನ್ನು ನಿರ್ಧರಿಸುವ ಅಧಿಕಾರ ಯಾರದು?’ ಎಂಬುದನ್ನೂ ಬೇರೆ ಬೇರೆ ಸಾಲುಗಳಲ್ಲಿ ಬರೆಯಿರಿ.

ಎರಡನೆಯದಕ್ಕೇ ಹೆಚ್ಚು ಸಮಯ ಕೊಡಿ, ತಿರುಳಿರುವುದು ಅಲ್ಲಿ. 1707ರಲ್ಲಿ ಇಂಗ್ಲೆಂಡಿನೊಡನೆ ಒಂದಾದ ಸ್ಕಾಟ್ಲೆಂಡಿಗೆ 1998ರ ಕಾಯ್ದೆಯು ಸ್ವಂತ ಸಂಸತ್ತನ್ನು ಕೊಟ್ಟಿತಾದರೂ ಇಂಗ್ಲೆಂಡಿನೊಡನೆ ಒಂದಾಗಿ ಉಳಿಯುವ ವಿಷಯವನ್ನು ಲಂಡನ್ನಿನ ಸಂಸತ್ತಿಗೇ ಕಾಯ್ದಿರಿಸಿತು. 2014ರ ಸೆಪ್ಟೆಂಬರ್ 18ರ ಜನಮತಗಣನೆ ಬ್ರಿಟನ್, ಸ್ಕಾಟ್ಲೆಂಡ್ ಎರಡೂ ಸರ್ಕಾರಗಳ ಒಪ್ಪಂದದಂತೆ ನಡೆದು, ಮತ ಚಲಾಯಿಸಿದವರಲ್ಲಿ ಶೇ. 55.3ರಷ್ಟು ಜನ ಸ್ವಾತಂತ್ರ್ಯ ಬೇಡವೆಂದರು. ಸ್ಕಾಟ್ಲೆಂಡಿನ ಸಂಸತ್ತು ತಾನೊಂದೇ ಇನ್ನೊಂದು ಜನಮತಗಣನೆಗೆ ಕಾನೂನು ಮಾಡಲಾರದೆಂದು 2022ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ಹೇಳಿತು. ಪರವಾದಿಗಳು ಈ ತೀರ್ಪನ್ನು ಎದುರಿಸದೆ ಮುಂದೆ ಹೋಗುವಂತಿಲ್ಲ, ಬೇಕೆಂದ ಶೇ. 44.7ರಷ್ಟು ಜನರಿಗೆ ಹೆಚ್ಚಿನ ಅಧಿಕಾರ ಹಂಚಿಕೆಯೋ ಪೂರ್ಣ ಒಕ್ಕೂಟ ವ್ಯವಸ್ಥೆಯೋ ಎಂಬ ಉತ್ತರವನ್ನು ವಿರೋಧಿಗಳು ಸಿದ್ಧವಿಟ್ಟುಕೊಂಡಿರಬೇಕು. ನಾಣ್ಯ, ಗಡಿ, ಸಾಲದ ಪಾಲು ಇವಕ್ಕೆ ಒಬ್ಬ ಮಾತುಗಾರ ಸಾಕು.

ನಮ್ಮೂರಿನಲ್ಲಿ ಕರ್ನಾಟಕ ಏಕೀಕರಣದ ಹೋಲಿಕೆ ತಟ್ಟನೆ ನಾಲಿಗೆಗೆ ಬರುತ್ತದೆ. ಅದು ಹೊಂದುವುದಿಲ್ಲ, 1956ರಲ್ಲಿ ನಮಗೆ ದೊರೆತದ್ದು ಭಾರತದೊಳಗಿನ ರಾಜ್ಯ. ಹುಬ್ಬಳ್ಳಿ ಗ್ರಾಮೀಣ ಕ್ಷೇತ್ರದ ಶಾಸಕರಾಗಿದ್ದ ಎಸ್.ಆರ್. ಬೊಮ್ಮಾಯಿಯವರು ತಮ್ಮ ರಾಜ್ಯ ಸರ್ಕಾರವನ್ನು ಕೇಂದ್ರ ವಜಾಗೊಳಿಸಿದ್ದನ್ನು ಪ್ರಶ್ನಿಸಿದ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟಿನ 1994ರ ತೀರ್ಪು ರಾಜ್ಯಗಳು ಕೇಂದ್ರದ ಬರಿಯ ಬಾಲಂಗೋಚಿಗಳಲ್ಲ ಎಂದದ್ದರಿಂದ, ಸ್ವಾತಂತ್ರ್ಯದ ಬದಲು ಅಧಿಕಾರ ಹಂಚಿಕೆಯ ಸುಧಾರಣೆಯ ಪರ ವಾದಿಸುವವರಿಗೆ ಅದೇ ಹೆಚ್ಚು ಉಪಯುಕ್ತ. ಬ್ರಿಟನ್ನಿಗೆ ಒಂದೇ ಗ್ರಂಥವಾಗಿ ಬರೆದಿಟ್ಟ ಸಂವಿಧಾನವಿಲ್ಲವೆಂಬುದನ್ನು ಮಾತ್ರ ಆ ಹೋಲಿಕೆಗೆ ಮೊದಲೇ ಸಭೆಗೆ ತಿಳಿಸಿರಬೇಕು.