ಸುಗಂಧರಾಜಕ್ಕೆ ಲೆದರ್ ಜಾಕೆಟ್ ತೊಡಿಸಿದ್ದು

ಬಟ್ಟೆ ಡಿಸೈನ್ ಮಾಡುವವರು ಪರ್ಫ್ಯೂಮ್ ತರುವುದು ಹೊಸದೇನಲ್ಲ. ಫ್ರೆಂಚ್ ಡಿಸೈನರ್ ಪಾಲ್ ಪೊಯ್ರೆ 1911ರಲ್ಲೇ ತಂದಿದ್ದರು. 1921ರಲ್ಲಿ ಶನೆಲ್ ನಂ. 5 ಬಂತು. ಅದನ್ನು ಬೆರೆಸಿದ್ದು ಅರ್ನೆಸ್ಟ್ ಬೋ ಎಂಬ ಪರ್ಫ್ಯೂಮರ್, ಡಿಸೈನರ್ ಕೊಕೊ ಶನೆಲ್ ಅಲ್ಲ. ಬಟ್ಟೆ ಡಿಸೈನ್ ಮಾಡುವ ನಾನೂ ಈಗ ಒಂದು ಸೆಂಟು ಮಾಡಿಸಿದ್ದೇನೆ, ಅದನ್ನು ನಾನೂ ಬೆರೆಸಿಲ್ಲ. ಏನು ಬೇಕು ಅಂತ ಹೇಳುವುದು, ಬಂದ ಸ್ಯಾಂಪಲ್ ಮೂಸಿ ಇದು ಇರಲಿ, ಇದು ಬೇಡ ಅನ್ನುವುದು, ಇಷ್ಟೇ ನನ್ನ ಪಾಲಿನ ಕೆಲಸ.

ಆದರೆ ಹೇಳುವುದೇ ಕಷ್ಟ. 'ಆತ್ಮವಿಶ್ವಾಸದ ಹೆಣ್ಣಿಗೆ ದಿಟ್ಟ ಸೆಂಟು' ಅಂತ ಬರೆದುಕೊಟ್ಟರೆ ಪರ್ಫ್ಯೂಮರ್ ಏನು ಮಾಡಬೇಕು? ಎಲ್ಲರೂ ಅದನ್ನೇ ಬರೆದುಕೊಡುತ್ತಾರೆ. ಅದಕ್ಕೇ ನಾನು ಒಂದು ಜಾಕೆಟ್ ಕೊಟ್ಟೆ. ಭುಜ ಗಡಸು, ಒಳಗೆ ರೇಷ್ಮೆಯ ಲೈನಿಂಗ್. ಜೊತೆಗೆ, ಬೇಡದ್ದರ ಪಟ್ಟಿ. ಮೊದಲನೆಯದು ಸಕ್ಕರೆ ಪಾಕದ ವಾಸನೆ. 1992ರಲ್ಲಿ ಏಂಜೆಲ್ ಪರ್ಫ್ಯೂಮು ಮಣ್ಣಿನ ವಾಸನೆಯ ಪಚೋಲಿ ಎಲೆಯ ಎಣ್ಣೆಯ ಜೊತೆ ಸಕ್ಕರೆ ಪಾಕದ ವಾಸನೆ ಕೊಡುವ ಈಥೈಲ್ ಮಾಲ್ಟಾಲ್ ಎಂಬ ರಾಸಾಯನಿಕ ಸೇರಿಸಿದಾಗ ಅದು ನಿಜಕ್ಕೂ ಧೈರ್ಯದ ಕೆಲಸ. ಆಮೇಲೆ ಬಂದ ಎಷ್ಟೋ ಸೆಂಟುಗಳು ಧೈರ್ಯ ಬಿಟ್ಟು ಸಿಹಿಯನ್ನಷ್ಟೇ ಇಟ್ಟುಕೊಂಡವು.

ನನ್ನ ಮನಸ್ಸಿನಲ್ಲಿದ್ದವರು ಪರ್ಫ್ಯೂಮರ್ ಜರ್ಮೇನ್ ಸೆಲ್ಲಿಯೇ. ಗಂಡಸರೇ ತುಂಬಿದ್ದ ಆ ಕಸುಬಿನಲ್ಲಿ ಡಿಸೈನರ್ ರಾಬರ್ಟ್ ಪಿಗೆಗಾಗಿ 1944ರಲ್ಲಿ ಬ್ಯಾಂಡಿಟ್, 1948ರಲ್ಲಿ ಫ್ರಕಾ ಮಾಡಿಕೊಟ್ಟ ಹೆಂಗಸು. ಮೊದಲನೆಯದು ಕಹಿ ಲೆದರ್, ಎರಡನೆಯದು ಕೋಣೆ ತುಂಬುವ ಸುಗಂಧರಾಜ. ಇವೆರಡೂ ಒಂದೇ ಬಾಟಲಿಯಲ್ಲಿ ಜಗಳ ಆಡಿದರೆ ಹೇಗಿರುತ್ತದೆ? ನನಗೆ ಬೇಕಿದ್ದದ್ದು ಅದು.

ಮೊದಲ ಸ್ಯಾಂಪಲ್‌ಗಳು ಕಾಗದದ ಪಟ್ಟಿಯ ಮೇಲೆ ಚೆನ್ನಾಗಿದ್ದವು. ಮೈಗೆ ಹಾಕಿಕೊಂಡು ಫಿಟ್ಟಿಂಗ್‌ಗೆ ನಿಂತಾಗ ಕಥೆಯೇ ಬೇರೆ. ಅಲ್ಲಿ ನಾನು ಇನ್ನೊಬ್ಬರ ಕತ್ತಿನ ಪಕ್ಕದಲ್ಲೇ ಇರುತ್ತೇನೆ. ಸೆಂಟು ಕೂಗಾಡಿದರೆ ಎದುರಿಗಿದ್ದವರು ಸುಮ್ನೆ ಮುಖ ತಿರುಗಿಸುತ್ತಾರೆ. ಪ್ರಮಾಣ ಇಳಿಸಿ ಎಂದೆ. ಸದ್ದು ಕಡಿಮೆ ಇರಲಿ, ಗುಣ ಮಾತ್ರ ಬದಲಾಗಬಾರದು.

ಆಗಲೇ ಇಂಡೋಲ್ ಎಂಬ ರಾಸಾಯನಿಕದ ವಿಷಯ ಬಂತು. ಸುಗಂಧರಾಜ, ಮಲ್ಲಿಗೆಯಂಥ ಹೂಗಳಲ್ಲಿ ಇದು ತಾನಾಗಿಯೇ ಇರುತ್ತದೆ. ಬರೀ ಅದನ್ನೇ ಮೂಸಿದರೆ ನುಸಿಗುಳಿಗೆಯ ನೆನಪಾಗುತ್ತದೆ. ತೆಗೆದುಬಿಟ್ಟರೆ ಹೂವು ಸೋಪಿನ ಹಾಗೆ ಚೊಕ್ಕಟವಾಗುತ್ತದೆ, ಯಾರಿಗೂ ತಕರಾರಿರುವುದಿಲ್ಲ. ಪರ್ಫ್ಯೂಮರ್ ಬಹಳಷ್ಟು ಕಡಿಮೆ ಮಾಡಿ ಕಳಿಸಿದರು. ನಾನು ವಾಪಸ್ ಹಾಕಿಸಿದೆ. ಯಾರಿಗೂ ಬೇಸರ ಆಗಬಾರದು ಅನ್ನುವ ಸೆಂಟಿಗೆ ದಿಟ್ಟ ಎಂಬ ಹೆಸರು ಯಾಕೆ?

ಮಾರಾಟದವರ ಜೊತೆ ಇನ್ನೊಂದು ವಾದ. ಮೊದಲಿಗೆ ಮೂಗಿಗೆ ತಾಗುವ ಟಾಪ್ ನೋಟ್ ಸುಮಾರು 15ರಿಂದ 30 ನಿಮಿಷದಲ್ಲಿ ಹಾರಿಹೋಗುತ್ತದೆ. ಅಂಗಡಿಯಲ್ಲಿ ಕೊಳ್ಳುವ ತೀರ್ಮಾನ ಆಗುವುದು ಅಷ್ಟರೊಳಗೆ. ಅದಕ್ಕೇ ಪೇರ್ ಹಣ್ಣಿನ ಸಿಹಿ ಸೇರಿಸಿ ಎಂದರು. ನಾನು ಕಾಳುಮೆಣಸಿಗೇ ಅಂಟಿಕೊಂಡೆ. ದುಡ್ಡೆಲ್ಲ ಕೊನೆಯಲ್ಲಿ ಉಳಿಯುವ ಲೆದರ್, ಲಾವಂಚಕ್ಕೆ ಹೋಗಲಿ ಎಂದೆ. ಸಂಜೆ ಕೋಟು ಬಿಚ್ಚುವಾಗ ಉಳಿದಿರುವುದು ಅದೇ ಅಲ್ವಾ?

ಕೊನೆಯಲ್ಲಿ ಉಳಿಯುವ ಆ ತಳದ ವಾಸನೆಗೆ ಸ್ವಲ್ಪ ವ್ಯಾನಿಲಿನ್, ಅಂದರೆ ವೆನಿಲ್ಲಾದ ವಾಸನೆ ಕೊಡುವ ವಸ್ತು, ಹಾಕುವ ಯೋಚನೆಯೂ ಇತ್ತು. ಬಾಟಲಿ ಮಾಡುವವರು ಕೇಳದ ಪ್ರಶ್ನೆಯನ್ನು ಬಟ್ಟೆಯವಳಾಗಿ ನಾನು ಕೇಳಿದೆ: ಬಿಳಿ ರೇಷ್ಮೆಗೆ ಬಿದ್ದರೆ? ವ್ಯಾನಿಲಿನ್ ದಿನ ಕಳೆದಂತೆ ಕಂದು ತಿರುಗುತ್ತದೆ. ಲೈನಿಂಗ್ ತುಂಡಿಗೆ ಸಿಂಪಡಿಸಿ ಕಿಟಕಿ ಪಕ್ಕ ನೇತುಹಾಕಿದೆವು. ಕಲೆ ಕಂಡಿತು. ವ್ಯಾನಿಲಿನ್ ಹೊರಗೆ ಹೋಯಿತು, ಲಾವಂಚ ಇನ್ನಷ್ಟು ಒಳಗೆ ಬಂತು.